ಹಳೆಯ ಎಂಜಿಬಿ ಸ್ಪೋರ್ಟ್ಸ್ ಕಾರನ್ನು ಮತ್ತೆ ರಸ್ತೆಗೆ ತರುವುದು ಹೇಗೆ: ಯಾವುದನ್ನು ಮೂಲದಂತೆ ಉಳಿಸಬೇಕು, ಯಾವುದನ್ನು ಬದಲಿಸಬೇಕು

ಹಳೆಯ ಎಂಜಿಬಿ ಕಾರೊಂದನ್ನು ಕೊಂಡವರು ಅಥವಾ ಮನೆಯ ಹಿರಿಯರಿಂದ ಪಡೆದವರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಕಾರು ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಎಲ್ಲವನ್ನೂ ಮಾಡಿಸಬೇಕೇ, ಅಥವಾ ಇಂದಿನ ರಸ್ತೆಗೆ ಹೊಂದುವಂತೆ ಕೆಲವನ್ನು ಬದಲಿಸಬಹುದೇ? ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರು ಇದನ್ನು ಕೇಳುತ್ತಾರೆ. ಅಮೆರಿಕದಲ್ಲಿರುವವರೂ ಕೇಳುತ್ತಾರೆ, ಏಕೆಂದರೆ ಎಂಜಿಬಿ ಕಾರುಗಳಲ್ಲಿ ಹೆಚ್ಚಿನವು ಮಾರಾಟವಾದದ್ದು ಆ ದೇಶದಲ್ಲಿಯೇ. ಬೆಂಗಳೂರಿನಲ್ಲಿ ಹಳೆಯ ಬ್ರಿಟಿಷ್ ಕಾರನ್ನು ಶೆಡ್ಡಿನಲ್ಲಿ ಇಟ್ಟುಕೊಂಡಿರುವವರ ಚಿಂತೆಯೂ ಬೇರೆಯಲ್ಲ. ಇವರೆಲ್ಲರಿಗೂ ಉಪಯೋಗವಾಗಲೆಂದು ಕೆಲಸದ ಹಂತಗಳನ್ನು ಇಲ್ಲಿ ಕ್ರಮವಾಗಿ ಕೊಟ್ಟಿದ್ದೇನೆ.

ಎಂಜಿಬಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲು ಕಾರಣವಿದೆ. ಆಕ್ಸ್‌ಫರ್ಡ್ ಬಳಿಯ ಆಬಿಂಗ್ಡನ್ ಪಟ್ಟಣದಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಕಾರು ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹೊರಬಂದಿತು. ಅದರ ಬಿಡಿಭಾಗಗಳಲ್ಲಿ ಬಹುಪಾಲು ಇಂದಿಗೂ ಹೊಸದಾಗಿ ಸಿಗುತ್ತವೆ. ಇದೊಂದು ಅನುಕೂಲವೇ ಸರಿ, ಆದರೆ ಅಪಾಯವೂ ಇಲ್ಲಿಯೇ ಅಡಗಿದೆ. ಎಲ್ಲವೂ ಹೊಸದಾಗಿ ಸಿಗುವುದರಿಂದ, ಉಳಿಸಿಕೊಳ್ಳಬಹುದಾಗಿದ್ದ ಹಳೆಯ ಭಾಗವನ್ನು ಗುಜರಿಗೆ ಹಾಕಿ ಅದರ ಜಾಗದಲ್ಲಿ ಗುಣಮಟ್ಟ ಕಡಿಮೆಯಿರುವ ಹೊಸ ಭಾಗವನ್ನು ಕೂರಿಸುವ ಕೆಲಸ ಎಲ್ಲೆಡೆ ನಡೆಯುತ್ತಿದೆ.

ಮುಂದಿನ ಎಲ್ಲ ಹಂತಗಳಿಗೂ ಆಧಾರವಾಗಿರುವ ನಿಯಮ ಒಂದೇ. ನೀವು ಮಾಡುವ ಬದಲಾವಣೆಯನ್ನು ಮುಂದೊಬ್ಬರು ಸ್ಪ್ಯಾನರ್ ಹಿಡಿದು ಹಿಂದಕ್ಕೆ ತಿರುಗಿಸಬಲ್ಲರಾದರೆ ಧೈರ್ಯವಾಗಿ ಮಾಡಿ. ಅದಕ್ಕಾಗಿ ಲೋಹ ಕತ್ತರಿಸಬೇಕಾದರೆ, ರಂಧ್ರ ಕೊರೆಯಬೇಕಾದರೆ ಅಥವಾ ಮೂಲ ಮೇಲ್ಮೈಯನ್ನು ಉಜ್ಜಿ ತೆಗೆಯಬೇಕಾದರೆ ನಿಲ್ಲಿ, ಮತ್ತೊಮ್ಮೆ ಯೋಚಿಸಿ.

ಮೊದಲು ಬೇಕಾಗುವುದು

ಮಳೆ ತಾಕದ, ಕಾರಿನ ಸುತ್ತ ಓಡಾಡಲು ಜಾಗವಿರುವ ಶೆಡ್ ಬೇಕು. ಬಿಚ್ಚಿದ ಕಾರು ಇಡೀ ಕಾರಿಗಿಂತ ಎರಡು ಮೂರು ಪಟ್ಟು ಜಾಗ ಬೇಡುತ್ತದೆ ಎಂಬುದನ್ನು ಮರೆಯಬೇಡಿ. ನಿಮ್ಮ ಕಾರಿನ ವರ್ಷಕ್ಕೆ ಸೇರಿದ ವರ್ಕ್‌ಶಾಪ್ ಕೈಪಿಡಿ ಮತ್ತು ಬಿಡಿಭಾಗಗಳ ಪಟ್ಟಿಯ ಪುಸ್ತಕ, ಇವೆರಡನ್ನೂ ಮೊದಲೇ ಕೊಂಡುಕೊಳ್ಳಿ. ಈ ಕಾರಿನ ನಟ್ಟು ಬೋಲ್ಟುಗಳು ಇಂಚಿನ ಅಳತೆಯವು. ಹಾಗಾಗಿ ಎ.ಎಫ್. ಎಂದು ಗುರುತಿರುವ, ಅಂದರೆ ನಟ್ಟಿನ ಎದುರುಬದುರು ಮುಖಗಳ ಅಂತರವನ್ನು ಇಂಚಿನಲ್ಲಿ ಸೂಚಿಸುವ ಸ್ಪ್ಯಾನರುಗಳು ಬೇಕು. ಮನೆಯಲ್ಲಿರುವ ಮಿಲಿಮೀಟರ್ ಸ್ಪ್ಯಾನರನ್ನೇ ಹಾಕಿ ತಿರುಗಿಸಿದರೆ ನಟ್ಟಿನ ಮೂಲೆಗಳು ಉರುಟಾಗಿ, ಮುಂದೆ ಅದನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ಹಣದ ವಿಷಯದಲ್ಲಿ ಒಂದು ಮಾತು ಸಾಕು. ಇನ್ನೂ ಕಾರು ಕೊಂಡಿಲ್ಲದಿದ್ದರೆ, ಎಂಜಿನ್ ಕೆಟ್ಟಿದ್ದರೂ ಬಾಡಿ ಚೆನ್ನಾಗಿರುವ ಕಾರನ್ನು ಆರಿಸಿ. ಎಂಜಿನ್ ಕೆಲಸಕ್ಕೆ ತಗಲುವ ಖರ್ಚನ್ನು ಮೊದಲೇ ಅಂದಾಜು ಮಾಡಬಹುದು, ತುಕ್ಕಿನ ಖರ್ಚನ್ನು ಯಾರೂ ಮೊದಲೇ ಹೇಳಲಾರರು.

ಹಂತ 1: ನಿಮ್ಮ ಕಾರು ಯಾವುದೆಂದು ತಿಳಿಯಿರಿ

ಹದಿನೆಂಟು ವರ್ಷಗಳಲ್ಲಿ ಈ ಕಾರು ಅನೇಕ ಬಾರಿ ಬದಲಾಗಿದೆ. ಆದ್ದರಿಂದ ‘ಮೂಲ ಎಂಜಿಬಿ’ ಎಂಬುದೊಂದಿಲ್ಲ, ನಿಮ್ಮ ಕಾರು ತಯಾರಾದ ತಿಂಗಳಿನಲ್ಲಿ ಅದು ಹೇಗಿತ್ತು ಎಂಬುದಷ್ಟೇ ಮುಖ್ಯ. ಬಾನೆಟ್ ಎತ್ತಿದರೆ ರಿವೆಟ್ ಹೊಡೆದ ಫಲಕವೊಂದು ಕಾಣುತ್ತದೆ. ಅದರ ಮೇಲೆ ಜಿ.ಎಚ್.ಎನ್. ಎಂದಿದ್ದರೆ ಅದು ಮೇಲ್ಛಾವಣಿ ಮಡಚುವ ರೋಡ್‌ಸ್ಟರ್, ಜಿ.ಎಚ್.ಡಿ. ಎಂದಿದ್ದರೆ 1965ರಲ್ಲಿ ಬಂದ, ಗಟ್ಟಿ ಛಾವಣಿಯ ಜಿಟಿ. ಅಕ್ಷರಗಳ ನಂತರ ಬರುವ ಅಂಕೆ 3 ಆಗಿದ್ದರೆ ಮೊದಲ ಸರಣಿ, 4 ಅಥವಾ 5 ಆಗಿದ್ದರೆ ಅನಂತರದ್ದು. ಕೊನೆಯಲ್ಲಿ ಎಲ್ ಅಕ್ಷರವಿದ್ದರೆ ಸ್ಟಿಯರಿಂಗ್ ಎಡಕ್ಕಿರುವ ಕಾರು.

ಎಂಜಿನ್ ಸಂಖ್ಯೆಯೂ ಬಹಳ ಹೇಳುತ್ತದೆ. 18ಜಿ ಮತ್ತು 18ಜಿಎ ಎಂದು ಆರಂಭವಾದರೆ, ಕ್ರ್ಯಾಂಕ್ ಶಾಫ್ಟನ್ನು ಮೂರು ಬೇರಿಂಗುಗಳು ಹೊತ್ತಿರುವ ಆರಂಭದ ಎಂಜಿನ್. 18ಜಿಬಿ ಆದರೆ 1964ರ ಕೊನೆಯಲ್ಲಿ ಬಂದ, ಐದು ಬೇರಿಂಗುಗಳ ಎಂಜಿನ್. ಎರಡೂ 1798 ಸಿ.ಸಿ.ಯವೇ. ಆದರೆ ಈ ಸಂಖ್ಯೆಯಿರುವುದು ಬ್ಲಾಕಿಗೆ ರಿವೆಟ್ ಮಾಡಿದ ಚಿಕ್ಕ ತಗಡಿನ ಮೇಲೆ. ಅದು ಕಳೆದುಹೋಗಿರಬಹುದು, ಬೇರೆ ಎಂಜಿನ್ನಿನಿಂದ ಬಂದದ್ದೂ ಆಗಿರಬಹುದು. ಆದ್ದರಿಂದ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂಗೆ ಬರೆದು ಹೆರಿಟೇಜ್ ಪ್ರಮಾಣಪತ್ರ ತರಿಸಿಕೊಳ್ಳಿ. ಕಾರ್ಖಾನೆಯ ದಾಖಲೆಯಿಂದಲೇ ತೆಗೆದುಕೊಟ್ಟ ತಯಾರಿಕೆಯ ದಿನಾಂಕ, ಮೂಲ ಬಣ್ಣ, ಎಂಜಿನ್ ಸಂಖ್ಯೆ ಮತ್ತು ಕಾರನ್ನು ಕಳುಹಿಸಿದ ಸ್ಥಳದ ವಿವರ ಅದರಲ್ಲಿರುತ್ತದೆ. ಈ ಕಾಗದ ಕೈಸೇರುವವರೆಗೆ ಬಣ್ಣದ ಬಗ್ಗೆ ಯಾವ ನಿರ್ಧಾರವನ್ನೂ ಮಾಡಬೇಡಿ.

ಅಷ್ಟರಲ್ಲಿ ಕಾರಿನಲ್ಲಿಯೇ ಸಾಕ್ಷ್ಯ ಹುಡುಕಿ. ಬಾಗಿಲ ಒಳಬದಿಯ ಹೊದಿಕೆಯನ್ನು ನಿಧಾನವಾಗಿ ಸಡಿಲಿಸಿ ಟಾರ್ಚ್ ಹಿಡಿದು ನೋಡಿ. ಹೊರಗೆ ಮೂರು ಸಲ ಬಣ್ಣ ಬದಲಾಗಿದ್ದರೂ ಅಲ್ಲಿ ಕಾರ್ಖಾನೆಯ ಬಣ್ಣ, ಬಿಸಿಲು ಕಾಣದ ಕಾರಣ ಮಸುಕಾಗದೆ, ಹಾಗೆಯೇ ಉಳಿದಿರುತ್ತದೆ. ಕೆಲವು ಕಾರುಗಳಲ್ಲಿ ಜೋಡಣೆಯ ಕೆಲಸಗಾರರು ಮೇಣದ ಕಡ್ಡಿಯಿಂದ ಗೀಚಿದ ಸಂಖ್ಯೆಯೂ ಅಲ್ಲಿ ಕಾಣಸಿಗುತ್ತದೆ. ಫ್ಯೂಸ್ ಪೆಟ್ಟಿಗೆಯ ಅಡಿ, ಡ್ಯಾಶ್‌ಬೋರ್ಡಿನ ಹಿಂಭಾಗ, ಡಿಕ್ಕಿಯ ಕೀಲುಗಳ ಸಂದು, ಇವುಗಳನ್ನೂ ಪರೀಕ್ಷಿಸಿ. ಎಲ್ಲದರ ಫೋಟೊ ತೆಗೆದಿಡಿ. ಇಂತಹ ಗುರುತಿರುವ ಜಾಗಕ್ಕೆ ಮುಂದೆಯೂ ಬಣ್ಣ ಹೊಡೆಸಬೇಡಿ.

ಹಂತ 2: ಬಿಚ್ಚುವ ಮೊದಲೇ ನಿರ್ಧರಿಸಿ

ಈ ಹಂತವನ್ನು ಬಹಳ ಜನ ದಾಟಿಹೋಗುತ್ತಾರೆ. ಕಾರು ಬಿಚ್ಚಿಟ್ಟ ಮೇಲೆ, ಕೈಯಲ್ಲಿರುವುದು ಬರೀ ಕೊಳೆಯಾದ ಬಿಡಿಭಾಗಗಳಾಗಿ ಕಾಣುವಾಗ, ಎಲ್ಲವನ್ನೂ ಹೊಸದು ಮಾಡಿಬಿಡೋಣ ಎನಿಸುವುದು ಸಹಜ. ಇಡೀ ಕಾರು ಎದುರಿಗೆ ನಿಂತಿರುವಾಗಲೇ ನಿರ್ಧಾರ ಮಾಡಿ, ಅದನ್ನು ಬರೆದಿಡಿ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2013ರಲ್ಲಿ ಹೊರತಂದ ಟ್ಯೂರಿನ್ ಸನ್ನದು ಇಲ್ಲಿ ನೆರವಿಗೆ ಬರುತ್ತದೆ. ಅದರ ಪ್ರಕಾರ, ಇರುವುದನ್ನು ಹಾಳಾಗದಂತೆ ಕಾಯುವುದು ಒಂದು ಕೆಲಸ, ಕೆಡುತ್ತಿರುವುದನ್ನು ತಡೆದು ಗಟ್ಟಿಮಾಡುವುದು ಎರಡನೆಯದು, ಕಳೆದುಹೋದುದನ್ನು ಮತ್ತೆ ಕಟ್ಟುವುದು ಮೂರನೆಯದು. ಮೊದಲನೆಯದು ಸಾಕಾಗುವಲ್ಲಿ ಮೂರನೆಯದಕ್ಕೆ ಕೈಹಾಕಬಾರದು. ಕಾರಿನಿಂದ ತೆಗೆದ ಮುಖ್ಯ ಮೂಲ ಭಾಗಗಳನ್ನು ಕಾರಿನ ಜೊತೆಯಲ್ಲಿಯೇ ಇಟ್ಟುಕೊಳ್ಳಬೇಕೆಂದೂ ಆ ಸನ್ನದು ಸಲಹೆ ಕೊಡುತ್ತದೆ.

ಇದನ್ನು ಎಂಜಿಬಿಗೆ ಅನ್ವಯಿಸಿದರೆ ನನ್ನ ತೀರ್ಮಾನ ಹೀಗಿದೆ. ಮತ್ತೆ ತರಲಾಗದ ವಸ್ತುಗಳನ್ನು ಸವೆದಿದ್ದರೂ ಉಳಿಸಿ. ಆರಂಭದ ಕಾರುಗಳ ಚರ್ಮದ ಸೀಟು, ಸುಕ್ಕುಗಟ್ಟಿದಂತೆ ಕಾಣುವ ಕಪ್ಪು ಬಣ್ಣದ ಉಕ್ಕಿನ ಡ್ಯಾಶ್‌ಬೋರ್ಡ್, ಮೀಟರುಗಳು, ಸ್ಟಿಯರಿಂಗ್ ಚಕ್ರ, ತಯಾರಕರ ಗುರುತಿರುವ ಗಾಜು, 1969ರ ಆಸುಪಾಸಿನವರೆಗೆ ಬಂದ ಅಲ್ಯೂಮಿನಿಯಂ ಬಾನೆಟ್, ಮೂಲ ಎಂಜಿನ್ ಬ್ಲಾಕ್ ಮತ್ತು ಫಲಕಗಳು ಈ ಗುಂಪಿಗೆ ಸೇರುತ್ತವೆ. ಸೀಟಿನ ಚರ್ಮದಲ್ಲಿ ಬಿರುಕಿದ್ದರೆ ಒಳಗಿನಿಂದ ಬಟ್ಟೆ ಅಂಟಿಸಿ, ಚರ್ಮಕ್ಕೆ ಎಣ್ಣೆಯುಣಿಸಿ ಉಳಿಸಿಕೊಳ್ಳಬಹುದು. ಹೊಸ ಹೊದಿಕೆಯ ಸೀಟು ನೋಡಲು ಚೆನ್ನಾಗಿರುತ್ತದೆ ನಿಜ, ಆದರೆ ಅರವತ್ತು ವರ್ಷ ಜನರು ಕುಳಿತ ಚರ್ಮವನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಇದಕ್ಕೆ ಪೂರ್ತಿ ವಿರುದ್ಧವಾಗಿ, ಜೀವಕ್ಕೆ ಸಂಬಂಧಿಸಿದ ಭಾಗಗಳಲ್ಲಿ ಮೂಲದ ಮೋಹ ಬೇಡವೇ ಬೇಡ. ಬ್ರೇಕಿನ ರಬ್ಬರ್ ಹೋಸು, ಪೈಪು, ಟಯರು, ಪೆಟ್ರೋಲ್ ಕೊಳವೆ, ಬಾಗಿಲಿನ ಕೆಳಗೆ ಭಾರ ಹೊರುವ ಸಿಲ್ ತುಕ್ಕು ತಿಂದಿದ್ದರೆ ಅದು, ಇವುಗಳನ್ನು ಯೋಚನೆಯಿಲ್ಲದೆ ಬದಲಿಸಿ. ಸೀಟ್ ಬೆಲ್ಟ್ ಇಲ್ಲದಿದ್ದರೆ ಹಾಕಿಸಿ.

ಇವೆರಡರ ನಡುವೆ ಉಳಿಯುವ ಬದಲಾವಣೆಗಳಿಗೆ ಮೇಲೆ ಹೇಳಿದ ಸ್ಪ್ಯಾನರ್ ಪರೀಕ್ಷೆ ಅನ್ವಯಿಸುತ್ತದೆ. ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಒಳಗೆ ಕೂರುವ ಎಲೆಕ್ಟ್ರಾನಿಕ್ ಇಗ್ನಿಷನ್ ಹೊರಗೆ ಕಾಣುವುದಿಲ್ಲ, ಹತ್ತು ನಿಮಿಷದಲ್ಲಿ ತೆಗೆಯಲೂಬಹುದು. ಅದರ ಬದಲಿಗೆ ಮೊದಲಿದ್ದ ಪಾಯಿಂಟ್ ಮತ್ತು ಕಂಡೆನ್ಸರನ್ನು ಡಿಕ್ಕಿಯಲ್ಲಿ ಇಟ್ಟುಕೊಂಡರಾಯಿತು. ಐದು ಗೇರಿನ ಹೊಸ ಗೇರ್‌ಬಾಕ್ಸ್ ಹಾಕುವುದಾದರೆ ಹಳೆಯದನ್ನು ಎಣ್ಣೆ ಸವರಿ, ಸುತ್ತಿ, ಕಾಪಾಡಿಡಿ. ಕಾರಿಗೆ ಮೊದಲೇ ಓವರ್‌ಡ್ರೈವ್ ಇದ್ದರೆ, ಅಂದರೆ ಹೆದ್ದಾರಿಯಲ್ಲಿ ಎಂಜಿನ್ ವೇಗ ಇಳಿಸುವ ಹೆಚ್ಚುವರಿ ಗೇರಿನ ವ್ಯವಸ್ಥೆಯಿದ್ದರೆ, ಅದನ್ನು ಸರಿಪಡಿಸಿಕೊಳ್ಳುವುದೇ ಒಳ್ಳೆಯದು.

ರಬ್ಬರ್ ಬಂಪರ್ ಕಾರುಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅಮೆರಿಕದ ಸುರಕ್ಷತಾ ನಿಯಮಗಳ ಕಾರಣದಿಂದ 1974ರ ಕೊನೆಯಲ್ಲಿ ಕ್ರೋಮ್ ಬಂಪರ್ ಹೋಗಿ ದಪ್ಪನೆಯ ಕಪ್ಪು ಬಂಪರ್ ಬಂದಿತು, ಕಾರಿನ ಎತ್ತರವೂ ಹೆಚ್ಚಿತು. ಈ ಕಾರುಗಳಿಗೆ ಕ್ರೋಮ್ ಬಂಪರ್ ಹಾಕಿಸಿ ಹಳೆಯದರಂತೆ ಕಾಣಿಸುವ ಆಸೆ ಅನೇಕರಿಗೆ. ಅದಕ್ಕೆ ಮುಂಭಾಗದ ಲೋಹ ಕತ್ತರಿಸಿ ಬೆಸೆಯಬೇಕು, ಆ ಮೇಲೆ ಹಿಂದಿರುಗುವ ದಾರಿಯಿಲ್ಲ. 1976ರ ಕಾರು 1976ರ ಕಾರಾಗಿಯೇ ಉಳಿಯಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕ್ರೋಮ್ ಬಂಪರಿನ ಕಾರೇ ಬೇಕೆಂದರೆ ಅದನ್ನೇ ಕೊಳ್ಳಿ. ರಸ್ತೆ ಹಿಡಿತ ಸುಧಾರಿಸಲು ಸ್ಪ್ರಿಂಗ್ ಬದಲಿಸಿ ಎತ್ತರ ಇಳಿಸುವುದಕ್ಕೆ ಅಡ್ಡಿಯಿಲ್ಲ, ಅದು ಬಿಚ್ಚಿ ಹಾಕಬಹುದಾದ ಕೆಲಸ.

ಹಂತ 3: ಬಿಚ್ಚುವುದು

ಒಂದೊಂದು ಭಾಗ ತೆಗೆಯುವ ಮೊದಲೂ ತೆಗೆದ ಮೇಲೂ ಫೋಟೊ ಹಿಡಿಯಿರಿ, ಮುಖ್ಯವಾಗಿ ವೈರು, ಪೈಪು ಮತ್ತು ಕೇಬಲ್ ಸಾಗುವ ದಾರಿಯನ್ನು. ಆಯಾ ಭಾಗದ ಸ್ಕ್ರೂ ಬೋಲ್ಟುಗಳನ್ನು ಪ್ರತ್ಯೇಕ ಚೀಲದಲ್ಲಿ ಹಾಕಿ, ಚೀಲದ ಒಳಗೊಂದು ಚೀಟಿ, ಹೊರಗೊಂದು ಚೀಟಿ ಇರಿಸಿ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಎಣ್ಣೆ ತಗಲಿ ಅಳಿಸಿಹೋಗುತ್ತದೆ. ಹೊಸ ಭಾಗ ಬಂದು, ಕೂತು, ಕೆಲಸ ಮಾಡುವವರೆಗೆ ಹಳೆಯದನ್ನು ಎಸೆಯಲೇಬೇಡಿ. ಹೊಸದಾಗಿ ಬಂದ ಭಾಗ ಸರಿಯಾಗಿ ಕೂರದಿದ್ದಾಗ ಅಳತೆ ನೋಡಲು ನಿಮಗಿರುವ ಆಧಾರ ಅದೊಂದೇ.

ಎಚ್ಚರಿಕೆ: ಈ ಕಾಲದ ಕಾರುಗಳ ಬ್ರೇಕ್ ಶೂ, ಕ್ಲಚ್ ಮತ್ತು ಕೆಲವು ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಬ್ರೇಕ್ ಡ್ರಮ್ಮಿನ ಧೂಳನ್ನು ಗಾಳಿಯೊತ್ತಡದಿಂದ ಊದಬೇಡಿ. ಒದ್ದೆ ಮಾಡಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಿ.

ಹಂತ 4: ತುಕ್ಕು ಮತ್ತು ಬಾಡಿ ಕೆಲಸ

ಎಂಜಿಬಿಗೆ ಹಿಂದಿನ ಎಂಜಿಎ ಕಾರಿನಂತೆ ಪ್ರತ್ಯೇಕ ಚಾಸಿ ಇಲ್ಲ. ತಗಡಿನ ಪೆಟ್ಟಿಗೆಗಳನ್ನು ಒಂದಕ್ಕೊಂದು ಬೆಸೆದು, ಬಾಡಿಯೇ ಭಾರ ಹೊರುವಂತೆ ಕಟ್ಟಿದ್ದಾರೆ. ಇದಕ್ಕೆ ಮಾನೋಕಾಕ್ ಎನ್ನುತ್ತಾರೆ. ಛಾವಣಿಯಿಲ್ಲದ ರೋಡ್‌ಸ್ಟರಿನಲ್ಲಿ ಆ ಭಾರದ ಬಹುಭಾಗವನ್ನು ಹೊರುವುದು ಸಿಲ್‌ಗಳು, ಅಂದರೆ ಬಾಗಿಲಿನ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಸಾಗುವ ಉದ್ದನೆಯ ಪೆಟ್ಟಿಗೆಗಳು. ಸಿಲ್ ಕೊಳೆತ ಎಂಜಿಬಿ ಮಧ್ಯದಲ್ಲಿ ಜಗ್ಗುತ್ತದೆ. ಜಾಕಿ ಕೊಟ್ಟು ಎತ್ತಿದಾಗ ಬಾಗಿಲು ಬಿಗಿಯಾದರೆ, ಅಥವಾ ಬಾಗಿಲ ಸಂದು ಮೇಲೊಂದು ಅಳತೆ ಕೆಳಗೊಂದು ಅಳತೆ ಇದ್ದರೆ, ರೋಗ ಇಲ್ಲಿದೆ ಎಂದು ತಿಳಿಯಿರಿ.

ಮೊದಲು ಪರೀಕ್ಷೆ. ತೆಳುವಾದ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಡಿಯ ಮೇಲೆ ಸರಿಸುತ್ತ ಹೋಗಿ. ಅಂಟದ ಕಡೆ ಪುಟ್ಟಿ ತುಂಬಿದ್ದಾರೆ ಎಂದರ್ಥ. ಹಳೆಯ ಕಾರಿನ ಬಾನೆಟ್ಟಿಗೆ ಮಾತ್ರ ಅದು ಎಲ್ಲಿಯೂ ಅಂಟದಿದ್ದರೆ ಗಾಬರಿಯಾಗಬೇಡಿ, ಅದು ಅಲ್ಯೂಮಿನಿಯಂ. ಆಮೇಲೆ ಚೂಪಾದ ಸ್ಕ್ರೂಡ್ರೈವರ್ ಹಿಡಿದು ಸಿಲ್ಲಿನ ಅಡಿ, ಸೀಟುಗಳ ಹಿಂದಿನ ಬ್ಯಾಟರಿ ಪೆಟ್ಟಿಗೆಗಳು, ನೆಲದ ತಗಡಿನ ಅಂಚು, ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಮುಂದಿನ ಮಡ್‌ಗಾರ್ಡ್ ಒಳಗೆ ಮಣ್ಣು ನಿಲ್ಲುವ ಮೂಲೆ, ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗ, ಇವುಗಳನ್ನೆಲ್ಲ ಒತ್ತಿ ನೋಡಿ. ಟ್ಯಾಂಕು ಮೇಲಿನಿಂದ ತೂತಾಗುತ್ತದೆ. ಅದರ ಮೇಲೆ ನೀರು ನಿಂತು ಒಣಗುವುದೇ ಕಾರಣ.

ಸಿಲ್ಲಿನ ವಿಷಯದಲ್ಲಿ ನಡೆಯುವ ದೊಡ್ಡ ವಂಚನೆಯೆಂದರೆ, ಕೊಳೆತ ಸಿಲ್ಲಿನ ಮೇಲೆ ಹೊಸ ತಗಡನ್ನು ಹೊದಿಸಿ ಬೆಸೆದು ಬಣ್ಣ ಹೊಡೆಯುವುದು. ಹೊರಗಿನಿಂದ ಹೊಸದಾಗಿ ಕಂಡರೂ ಒಳಗೆ ತುಕ್ಕು ಕೆಲಸ ಮುಂದುವರಿಸುತ್ತದೆ, ಬಲವೂ ಬರುವುದಿಲ್ಲ. ಮುಂದಿನ ಮಡ್‌ಗಾರ್ಡ್ ಸಿಲ್ಲನ್ನು ಕೂಡುವ ಜಾಗದಲ್ಲಿ ಕಾರ್ಖಾನೆಯ ಕಾರಿಗೆ ಸ್ಪಷ್ಟವಾದ ಸೇರುವೆಯ ಗೆರೆಯಿರುತ್ತದೆ. ಅದು ಪುಟ್ಟಿಯಲ್ಲಿ ಮುಚ್ಚಿಹೋಗಿದ್ದರೆ ಸಂಶಯಪಡಿ.

ಸರಿಯಾದ ಕ್ರಮ ಹೀಗಿದೆ. ಕತ್ತರಿಸುವ ಮೊದಲು ಬಾಗಿಲಿನ ಜಾಗಕ್ಕೆ ಅಡ್ಡವಾಗಿ ಮತ್ತು ಮೂಲೆಯಿಂದ ಮೂಲೆಗೆ ಉಕ್ಕಿನ ಚೌಕ ಕೊಳವೆಗಳನ್ನು ತಾತ್ಕಾಲಿಕವಾಗಿ ಬೆಸೆದು ಬಾಡಿ ಅಲುಗದಂತೆ ಕಟ್ಟಿಹಾಕಿ. ಕಾರನ್ನು ನಡುವೆ ಎತ್ತಬೇಡಿ, ಭಾರವು ಸಸ್ಪೆನ್ಷನ್ ಕೂರುವ ಕಡೆಗಳಲ್ಲಿಯೇ ನಿಲ್ಲುವಂತೆ ಆಧಾರ ಕೊಡಿ. ಒಂದು ಪಕ್ಕ ಮುಗಿಯುವವರೆಗೆ ಮತ್ತೊಂದು ಪಕ್ಕ ಮುಟ್ಟಬೇಡಿ. ಹೊರ ಸಿಲ್ಲಿನ ತುದಿಗಳು ಮುಂದಿನ ಮತ್ತು ಹಿಂದಿನ ಮಡ್‌ಗಾರ್ಡುಗಳ ಒಳಕ್ಕೆ ಹೋಗುವುದರಿಂದ, ಆ ಮಡ್‌ಗಾರ್ಡುಗಳ ಕೆಳತುದಿಯನ್ನೂ ಕತ್ತರಿಸಲೇಬೇಕು. ಈ ಶ್ರಮ ತಪ್ಪಿಸಲೆಂದೇ ಮೇಲೆ ಹೇಳಿದ ವಂಚನೆ ನಡೆಯುವುದು. ಒಳಗೆ ಮೊದಲು ಸರಿಪಡಿಸಬೇಕಾದುದು ಕ್ಯಾಸಲ್ ರೈಲ್, ಅಂದರೆ ಕೋಟೆಯ ತೆನೆಗಳಂತೆ ಏರಿಳಿತವಿರುವ ಕೆಳಗಿನ ಪಟ್ಟಿ. ಆಮೇಲೆ ಒಳ ಸಿಲ್ಲು, ಅದರ ನಂತರ ನಡುವೆ ನಿಲ್ಲುವ ತಗಡಿನ ಗೋಡೆ, ಕೊನೆಗೆ ಹೊರ ಸಿಲ್ಲು. ಹೊರ ಸಿಲ್ಲನ್ನು ಕ್ಲಾಂಪಿನಲ್ಲಿ ಹಿಡಿದು ಬಾಗಿಲನ್ನು ಕೂರಿಸಿ ಸಂದು ನೋಡಿ. ನಾಲ್ಕು ಚುಕ್ಕೆ ಬೆಸೆದು ಮತ್ತೆ ನೋಡಿ. ಬಾಗಿಲು ಸಲೀಸಾಗಿ ಮುಚ್ಚುವವರೆಗೆ ಪೂರ್ತಿ ಬೆಸುಗೆ ಹಾಕಬೇಡಿ. ಎರಡು ತಗಡು ಕೂಡುವ ಮುಖಗಳಿಗೆ ಬೆಸುಗೆಯ ಮೊದಲೇ ಸತುವಿನ ಪ್ರೈಮರ್ ಬಳಿಯಿರಿ. ಮುಂದೆ ಬ್ರಷ್ಷು ಅಲ್ಲಿಗೆ ತಲುಪಲಾರದು.

ಟಿಂಕರಿಂಗ್ ಮೇಸ್ತ್ರಿಯಿಂದ ಈ ಕೆಲಸ ಮಾಡಿಸುವುದಾದರೆ, ಹೊರ ಸಿಲ್ಲು ಮುಚ್ಚುವ ಮೊದಲು ನಿಮ್ಮನ್ನು ಕರೆಯಬೇಕೆಂದು ಕರಾರು ಮಾಡಿಕೊಳ್ಳಿ. ಒಳಗೆ ಹೊಸ ತಗಡು ಬಂದಿದೆಯೇ ಎಂದು ಕಣ್ಣಾರೆ ಕಂಡು, ಫೋಟೊ ತೆಗೆದುಕೊಂಡ ಮೇಲೆಯೇ ಮುಂದಿನ ಕಂತಿನ ಹಣ ಕೊಡಿ.

ಇಡೀ ಬಾಡಿಯೇ ಹೊಸದು ಸಿಗುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ, ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಿಂದ ಮೂಲ ಅಚ್ಚುಗಳನ್ನೇ ಬಳಸಿ ಎಂಜಿಬಿ ಬಾಡಿ ತಯಾರಿಸುತ್ತಿದೆ. ಸಮಯ ಮತ್ತು ಕೂಲಿ ಲೆಕ್ಕ ಹಾಕಿದರೆ ಕೆಲವೊಮ್ಮೆ ಅದೇ ಅಗ್ಗವಾಗುತ್ತದೆ. ಆದರೆ ಆ ಮೇಲೆ ನಿಮ್ಮ ಹಳೆಯ ಕಾರಿನಿಂದ ಉಳಿಯುವುದು ಎಂಜಿನ್, ಗೇರ್‌ಬಾಕ್ಸ್, ಸೀಟು ಮತ್ತು ಒಂದು ಫಲಕ. ಹಳೆಯ ಬಾಡಿಯ ಮೇಲಿನ ಅರ್ಧ ಗಟ್ಟಿಯಾಗಿದ್ದರೆ ರಿಪೇರಿಯ ದಾರಿಯನ್ನೇ ಹಿಡಿಯಿರಿ. ಅದು ಕೈ ಮೀರಿದಾಗ ಮಾತ್ರ ಹೊಸ ಬಾಡಿ ತನ್ನಿ, ಹಾಗೆ ಮಾಡಿದ್ದನ್ನು ದಾಖಲೆಯಲ್ಲಿ ಮುಚ್ಚಿಡಬೇಡಿ.

ಹಳೆಯ ಬಣ್ಣ ತೆಗೆಯಲು ಮರಳು ಹೊಡೆಸುವವರಿದ್ದಾರೆ. ದಪ್ಪ ಭಾಗಗಳಿಗೆ ಅದು ಸರಿ, ಬಾಗಿಲು ಬಾನೆಟ್‌ಗಳಂತಹ ತೆಳು ತಗಡು ಮಾತ್ರ ಅದರ ಹೊಡೆತಕ್ಕೆ ಸೊಟ್ಟಗಾಗುತ್ತದೆ, ಮತ್ತೆ ಸಮ ಮಾಡಲಾಗದು. ಹಳೆಯ ರಿಪೇರಿಗಳ ಸೇರುವೆಯಲ್ಲಿ ಸೀಸ ತುಂಬಿರಬಹುದು. ಅದನ್ನು ಯಂತ್ರ ಹಾಕಿ ಉಜ್ಜಿದರೆ ವಿಷದ ಧೂಳು ಏಳುತ್ತದೆ.

ಹಂತ 5: ಬಣ್ಣ

ಪ್ರಮಾಣಪತ್ರದಲ್ಲಿರುವ ಬಣ್ಣಕ್ಕೇ ಮರಳುವುದು ಉತ್ತಮ. ಎಂಜಿನ್ ಕೋಣೆ ಮತ್ತು ಡಿಕ್ಕಿಯ ಒಳಭಾಗ ಬಾಡಿಯ ಬಣ್ಣದ್ದೇ ಆದ್ದರಿಂದ, ಬಣ್ಣ ಬದಲಿಸಿದರೆ ಎಂಜಿನ್ ಇಳಿಸದೆ ಕೆಲಸ ಮುಗಿಯುವುದಿಲ್ಲ. ಇಳಿಸದೆ ಹೊಡೆದ ಬಣ್ಣ ಬಾನೆಟ್ ಎತ್ತಿದೊಡನೆ ಗೊತ್ತಾಗುತ್ತದೆ. ಓಲ್ಡ್ ಇಂಗ್ಲಿಷ್ ವೈಟ್, ಟಾರ್ಟನ್ ರೆಡ್, ಐರಿಸ್ ಬ್ಲೂ ಮೊದಲಾದ ಆ ಕಾಲದ ಬಣ್ಣಗಳು ಲೋಹದ ಹೊಳಪಿಲ್ಲದ ಸಾದಾ ಬಣ್ಣಗಳು. ಅವುಗಳ ಮೇಲೆ ದಪ್ಪನೆಯ ಪಾರದರ್ಶಕ ಪದರ ಹೊಡೆಸಿದರೆ ಕಾರು ಆ ಕಾಲದ್ದಾಗಿ ಕಾಣದು. ಮೂಲ ಬಣ್ಣವೇ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಇಡೀ ಕಾರಿಗೆ ಬಣ್ಣ ಹೊಡೆಸದೆ, ರಿಪೇರಿಯಾದ ಕೆಳಭಾಗಕ್ಕಷ್ಟೇ ಹೊಡೆಸಿ, ಉಳಿದುದನ್ನು ಪಾಲಿಶ್ ಮಾಡಿ.

ಎರಡು ದ್ರವ ಬೆರೆಸಿ ಹೊಡೆಯುವ ಟೂ-ಪ್ಯಾಕ್ ಬಣ್ಣದ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ. ಅದು ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡಬಲ್ಲದು. ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖವಾಡವಿಲ್ಲದೆ ಅದನ್ನು ಮನೆಯ ಶೆಡ್ಡಿನಲ್ಲಿ ಸಿಂಪಡಿಸಲೇಬಾರದು. ಬಣ್ಣ ಒಣಗಿದ ಮೇಲೆ ಸಿಲ್ಲು ಮತ್ತು ಬಾಗಿಲುಗಳ ಟೊಳ್ಳಿಗೆ ಮೇಣ ಸಿಂಪಡಿಸುವುದನ್ನು ಮರೆಯಬೇಡಿ.

ಹಂತ 6: ಎಂಜಿನ್

ಎಂಜಿನ್ ತಿರುಗುತ್ತಿದ್ದರೆ ಬಿಚ್ಚುವ ಮೊದಲು ಅಳೆಯಿರಿ. ಬಿಸಿಯಾದ ಮೇಲೆ ರಸ್ತೆಯ ವೇಗದಲ್ಲಿ ಆಯಿಲ್ ಒತ್ತಡ 50ರಿಂದ 80 ಪಿ.ಎಸ್.ಐ., ನಿಂತಲ್ಲಿ 10ರಿಂದ 25 ಇರಬೇಕೆಂದು ಕೈಪಿಡಿ ಹೇಳುತ್ತದೆ. ಒತ್ತಡ ಸರಿಯಿದ್ದು, ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್, ಅಂದರೆ ಪಿಸ್ಟನ್ ಒತ್ತಿದಾಗ ಏಳುವ ಒತ್ತಡ, ಸಮನಾಗಿದ್ದರೆ, ಕೆಳಭಾಗವನ್ನು ಬಿಚ್ಚುವ ಅಗತ್ಯವಿಲ್ಲ. ಸಿಲಿಂಡರ್ ಹೆಡ್ಡನ್ನು ಮಾತ್ರ ಇಳಿಸಿ, ಲೇತ್ ಅಂಗಡಿಯಲ್ಲಿ ಗಟ್ಟಿ ಎಕ್ಸಾಸ್ಟ್ ವಾಲ್ವ್ ಸೀಟುಗಳನ್ನು, ಅಂದರೆ ವಾಲ್ವ್ ಮುಚ್ಚಿ ಕೂರುವ ಉಂಗುರಗಳನ್ನು, ಹಾಕಿಸಿ. ಈ ಎಂಜಿನ್ ವಿನ್ಯಾಸವಾದದ್ದು, ವಾಲ್ವ್ ಸೀಟುಗಳನ್ನು ಸವೆಯದಂತೆ ಕಾಯುತ್ತಿದ್ದ ಸೀಸ ಬೆರೆತ ಪೆಟ್ರೋಲಿಗೆ. ಆ ಪೆಟ್ರೋಲಿನ ಸಾಮಾನ್ಯ ಮಾರಾಟ ಬ್ರಿಟನ್ನಿನಲ್ಲಿ 1999ರ ಕೊನೆಗೆ ನಿಂತಿತು. ಒಳಗೆ ಹೂತು ಕಾಣದೆ ಇರುವ ಇಂತಹ ಬದಲಾವಣೆಯಿಂದ ಕಾರಿನ ಮೂಲತನಕ್ಕೆ ಯಾವ ಕುಂದೂ ಇಲ್ಲ.

ಇಂದಿನ ತೊಂದರೆ ಎಥನಾಲ್. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲು ಇ10, ಅಂದರೆ ಶೇಕಡ 10ರವರೆಗೆ ಎಥನಾಲ್ ಬೆರೆತದ್ದು. ಭಾರತದ ಬಂಕುಗಳಲ್ಲಿ ಈಗ ಇ20 ಸಿಗುತ್ತದೆ. ಹಳೆಯ ರಬ್ಬರ್ ಕೊಳವೆ ಇದರಿಂದ ಒಳಗೊಳಗೇ ಮೆದುವಾಗಿ, ಬಿರಿದು, ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರುತ್ತದೆ. ಹಳೆಯ ಕಾರುಗಳಿಗೆ ಬೆಂಕಿ ಬೀಳಲು ಇದೊಂದೇ ಕಾರಣ ಸಾಕು. ಎಥನಾಲ್ ತಾಳುವ ಕೊಳವೆಗಳನ್ನೇ ಹಾಕಿ. ಎಸ್‌ಯು ಕಾರ್ಬ್ಯುರೇಟರುಗಳನ್ನು ಬದಲಿಸಬೇಡಿ, ಅವುಗಳ ಸವೆದ ಶಾಫ್ಟು, ಸೂಜಿ ಮತ್ತು ಜೆಟ್‌ಗಳನ್ನು ಹೊಸದು ಮಾಡಿಸಿದರೆ ಅವು ಇನ್ನಷ್ಟು ದಶಕ ನಡೆಯುತ್ತವೆ.

ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಹೊಸದು ಹಾಕಿದ್ದರೆ, ಮೊದಲ ಬಾರಿ ಎಂಜಿನ್ ಹೊತ್ತಿಕೊಂಡೊಡನೆ ನಿಧಾನ ವೇಗದಲ್ಲಿ ಬಿಡದೆ, ಸುಮಾರು 20 ನಿಮಿಷ 2000 ಆರ್.ಪಿ.ಎಂ.ಗಿಂತ ಮೇಲೆ ಇಡಬೇಕು. ಇಲ್ಲವಾದರೆ ಕ್ಯಾಮ್ ಮೊದಲ ದಿನವೇ ಸವೆಯುತ್ತದೆ. ಆಯಿಲ್ 20ಡಬ್ಲ್ಯೂ-50 ಇರಲಿ, ಅದರಲ್ಲಿ ಹಳೆಯ ಎಂಜಿನುಗಳಿಗೆ ಬೇಕಾದ ಸತುವಿನ ಅಂಶವಿದೆಯೇ ಎಂದು ಡಬ್ಬಿಯ ಮೇಲೆ ನೋಡಿ.

ಹಂತ 7: ವೈರಿಂಗ್

ಬ್ಯಾಟರಿ ಜೋಡಿಸುವ ಮೊದಲು ಕಾರು ಪಾಸಿಟಿವ್ ಅರ್ಥೋ ನೆಗೆಟಿವ್ ಅರ್ಥೋ ಖಚಿತಪಡಿಸಿಕೊಳ್ಳಿ. ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಎಂಬುದನ್ನೇ ಹೀಗೆ ಹೇಳುತ್ತಾರೆ. 1967ರವರೆಗಿನ ಕಾರುಗಳಲ್ಲಿ ಪಾಸಿಟಿವ್ ತುದಿ ಬಾಡಿಗೆ ಸೇರುತ್ತಿತ್ತು, ಆಮೇಲೆ ಅದು ನೆಗೆಟಿವ್ ಆಯಿತು, ಡೈನಮೊ ಹೋಗಿ ಆಲ್ಟರ್ನೇಟರ್ ಬಂತು. ತಪ್ಪಾಗಿ ಜೋಡಿಸಿದರೆ ಆಲ್ಟರ್ನೇಟರ್ ಮತ್ತು ರೇಡಿಯೊ ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಹಿಂದಿನ ಮಾಲೀಕರು ಬದಲಿಸಿರಬಹುದಾದ್ದರಿಂದ ವರ್ಷ ನೋಡಿ ಊಹಿಸಬೇಡಿ, ತಂತಿಯನ್ನೇ ಹಿಂಬಾಲಿಸಿ ನೋಡಿ.

ಈ ಕಾರಿನ ವಿದ್ಯುತ್ ಭಾಗಗಳ ತಯಾರಕರಾದ ಲ್ಯೂಕಸ್ ಕಂಪನಿಯ ವೈರುಗಳ ಬಣ್ಣದ ಕ್ರಮ ಕಲಿತರೆ ಅರ್ಧ ಕೆಲಸ ಮುಗಿದಂತೆ. ಕಂದು ಬ್ಯಾಟರಿಯಿಂದ ನೇರ ಬರುವ ವಿದ್ಯುತ್ತು, ಬಿಳಿ ಕೀಲಿ ತಿರುಗಿಸಿದಾಗ ಬರುವುದು, ಹಸಿರು ಅದೇ ಫ್ಯೂಸ್ ದಾಟಿ ಬಂದದ್ದು, ನೀಲಿ ಹೆಡ್‌ಲೈಟಿನದು, ಕೆಂಪು ಪಕ್ಕದ ದೀಪಗಳದು, ಕಪ್ಪು ಅರ್ಥ್. ಈ ಕಾರುಗಳ ವಿದ್ಯುತ್ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ತುಕ್ಕು ಹಿಡಿದ ಅರ್ಥ್ ಜೋಡಣೆಯೇ ಮೂಲ. ಹಾಗಾಗಿ ಭಾಗ ಬದಲಿಸುವ ಮೊದಲು ಆ ಜೋಡಣೆಗಳನ್ನು ಬಿಚ್ಚಿ, ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಮತ್ತೆ ಬಿಗಿಯಿರಿ. ಇಡೀ ವೈರಿಂಗ್ ಹಾಳಾಗಿದ್ದರೆ ಮೂಲದ್ದೇ ಬಣ್ಣಕ್ರಮದ ಹೊಸ ವೈರಿಂಗ್ ಸಿಗುತ್ತದೆ. ಹೆಡ್‌ಲೈಟಿಗೆ ರಿಲೇ, ಬೇಕಾದ ಕಡೆ ಹೆಚ್ಚುವರಿ ಫ್ಯೂಸ್ ಸೇರಿಸುವುದು ಒಳ್ಳೆಯದೇ. ಅವುಗಳಿಗಾಗಿ ಬಾಡಿಯಲ್ಲಿ ಹೊಸ ರಂಧ್ರ ಕೊರೆಯದೆ ಇರುವ ಬೋಲ್ಟುಗಳಿಗೇ ಸಿಕ್ಕಿಸಿ.

ಹಂತ 8: ಬ್ರೇಕು, ಸಸ್ಪೆನ್ಷನ್, ಚಕ್ರ

ಇಲ್ಲಿ ಹೆಚ್ಚು ಯೋಚಿಸುವುದೇನೂ ಇಲ್ಲ. ಉಕ್ಕಿನ ಬ್ರೇಕ್ ಪೈಪುಗಳ ಬದಲು ತುಕ್ಕು ಹಿಡಿಯದ ತಾಮ್ರ-ನಿಕಲ್ ಪೈಪು ಹಾಕಿ. ಮುಂದಿನ ಲಿವರ್ ಮಾದರಿಯ ಶಾಕ್ ಅಬ್ಸಾರ್ಬರುಗಳು ಚಕ್ರವನ್ನು ಹಿಡಿಯುವ ಮೇಲಿನ ತೋಳೂ ಆಗಿವೆ. ಸೋರುತ್ತಿದ್ದರೆ ತಜ್ಞರಿಂದ ದುರಸ್ತಿ ಮಾಡಿಸಿ ಮತ್ತೆ ಅವನ್ನೇ ಹಾಕಿ. ಸ್ಟಿಯರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಹೊರಳಲು ಆಧಾರವಾಗುವ ಕಿಂಗ್‌ಪಿನ್ನುಗಳಿಗೆ ನಿಯಮಿತವಾಗಿ ಗ್ರೀಸ್ ಹೊಡೆಯಿರಿ. ಕಡ್ಡಿ ಚಕ್ರಗಳಿದ್ದರೆ ಹಬ್ಬಿನ ಹಲ್ಲುಗಳು ಚೂಪಾಗಿ ಸವೆದಿಲ್ಲವೇ ನೋಡಿ. ಎಡ ಮತ್ತು ಬಲ ಹಬ್ಬುಗಳ ತಿರುಪು ಬೇರೆ ಬೇರೆ ದಿಕ್ಕಿನದು. ಅವು ಅದಲುಬದಲಾದರೆ ಓಡುವಾಗಲೇ ನಟ್ಟು ಸಡಿಲಗೊಂಡು ಚಕ್ರ ಕಳಚುತ್ತದೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಲ್ಲಿ ತಯಾರಾದ ವಾರ ಮತ್ತು ವರ್ಷ ಇರುತ್ತದೆ. ಹತ್ತು ವರ್ಷ ದಾಟಿದ್ದರೆ ಗೆರೆಗಳು ಆಳವಾಗಿದ್ದರೂ ಬದಲಿಸಿ.

ಹಂತ 9: ಕಾಗದಪತ್ರ

ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆಯಿಂದ ವಿನಾಯಿತಿಯಿದೆ. 2018ರಿಂದ ವಾರ್ಷಿಕ ಎಂಒಟಿ ತಪಾಸಣೆಯಿಂದಲೂ ವಿನಾಯಿತಿ ದೊರೆಯುತ್ತದೆ, ಆದರೆ ಕಳೆದ 30 ವರ್ಷಗಳಲ್ಲಿ ಕಾರಿನ ಮುಖ್ಯ ಭಾಗಗಳ ಸ್ವರೂಪವೇ ಬದಲಾಗಿರಬಾರದು. ಅದೇ ಮಾದರಿಯ ಭಾಗ ಹಾಕಿ ರಿಪೇರಿ ಮಾಡಿದ್ದು ಬದಲಾವಣೆ ಎನಿಸುವುದಿಲ್ಲ. ವಿನಾಯಿತಿ ಇದ್ದರೂ ಬೆಸುಗೆ ಕೆಲಸವಾದ ಕಾರನ್ನು ಒಮ್ಮೆ ತಪಾಸಣೆಗೆ ಒಯ್ಯಿರಿ, ಬೇರೆಯವರ ಕಣ್ಣು ನಿಮಗೆ ಕಾಣದ್ದನ್ನು ಕಾಣುತ್ತದೆ.

ಭಾರತದಲ್ಲಿ 2021ರ ಜುಲೈನಲ್ಲಿ ಬಂದ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರ್ ಫಲಕದಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ ಎಂದಿರುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ದಿನನಿತ್ಯದ ಅಥವಾ ವಾಣಿಜ್ಯ ಬಳಕೆಗೆ ಅವಕಾಶವಿಲ್ಲ. ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡಾಗಿದ್ದರೆ ಈ ವರ್ಗಕ್ಕೆ ಸೇರುವುದಿಲ್ಲ. ಎರಡನೆಯ ಹಂತದ ನಿರ್ಧಾರವು ಇಲ್ಲಿ ಕಾನೂನಿನ ಪ್ರಶ್ನೆಯೂ ಆಗುತ್ತದೆ ಎಂಬುದನ್ನು ಗಮನಿಸಿ.

ಹಂತ 10: ಮೊದಲ 800 ಕಿಲೋಮೀಟರ್

ಎಂಜಿನ್ ತಣ್ಣಗಿರುವಾಗ ಪ್ರತಿ ಸಲವೂ ಆಯಿಲ್, ನೀರು, ಬ್ರೇಕ್ ದ್ರವ ನೋಡಿ ಹೊರಡಿ. ವೇಗವನ್ನು ಒಂದೇ ಮಟ್ಟದಲ್ಲಿ ಇಡಬೇಡಿ, ಇಳಿಜಾರು ಏರುಗಳಿರುವ ರಸ್ತೆಯಲ್ಲಿ ಓಡಿಸಿ. ಚಕ್ರದ ನಟ್ಟುಗಳನ್ನು ಮೊದಲ 50 ಕಿಲೋಮೀಟರಿಗೇ ಮತ್ತೆ ಬಿಗಿಯಿರಿ. ಹೆಡ್ ಇಳಿಸಿದ್ದರೆ 800 ಕಿಲೋಮೀಟರ್ ಆದ ಮೇಲೆ ಅದರ ನಟ್ಟುಗಳನ್ನು ಕೈಪಿಡಿಯ ಕ್ರಮದಲ್ಲಿ 45ರಿಂದ 50 ಪೌಂಡ್-ಅಡಿ ಟಾರ್ಕಿಗೆ ಮತ್ತೊಮ್ಮೆ ಬಿಗಿಯಬೇಕು, ಅದಾದ ಮೇಲೆ ಟ್ಯಾಪೆಟ್ ಸಂದನ್ನು, ಅಂದರೆ ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಅಂತರವನ್ನು, ಎಂಜಿನ್ ತಣ್ಣಗಿರುವಾಗ 0.015 ಇಂಚಿಗೆ, ಅಂದರೆ 0.38 ಮಿಲಿಮೀಟರಿಗೆ, ಸರಿಹೊಂದಿಸಬೇಕು. ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಹಳೆಯ ಆಯಿಲನ್ನು ಅಗಲವಾದ ತಟ್ಟೆಗೆ ಸುರಿದು ಲೋಹದ ಚೂರುಗಳಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ತೆಗೆದ ಮೂಲ ಭಾಗಗಳ ಪೆಟ್ಟಿಗೆಯ ಮೇಲೆ ಕಾರಿನ ಸಂಖ್ಯೆ ಬರೆದು, ಒಳಗೆ ಏನೇನಿದೆ ಎಂಬ ಪಟ್ಟಿಯನ್ನೂ ಫೋಟೊಗಳ ಪ್ರತಿಯನ್ನೂ ಪ್ರಮಾಣಪತ್ರದ ಕಡತದಲ್ಲಿಯೇ ಸೇರಿಸಿಡಿ. ಕಾರು ಮಾರುವ ದಿನ ಬಂದರೆ ಪೆಟ್ಟಿಗೆಯನ್ನೂ ಕಡತವನ್ನೂ ಅದರ ಜೊತೆಗೇ ಕೊಡಬೇಕು.